ಎಲ್ಲಿ ಕೆರೆಯಬೇಕು, ಯಾವಾಗ ಕೆರೆಯಬೇಕು: ಚರ್ಮದ ಸೋಂಕಿನ ಪರೀಕ್ಷೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ‘ರೋಗ ಕಣ್ಣಿಗೆ ಕಾಣುತ್ತಿದೆ, ರಿಪೋರ್ಟಿನಲ್ಲಿ ಇಲ್ಲ.’ ಚರ್ಮದ ಪರೀಕ್ಷೆಗಳಿಗೆ ದೊಡ್ಡ ಯಂತ್ರಗಳೇನೂ ಬೇಡ. ಒಂದು ಬ್ಲೇಡು, ಗಾಜಿನ ಸ್ಲೈಡು, ಎರಡು ಹನಿ ದ್ರಾವಣ, ಒಂದು ಮೈಕ್ರೋಸ್ಕೋಪು ಇದ್ದರೆ ಸಾಕು. ಆದರೆ ಮಾದರಿ ತೆಗೆಯುವ ಜಾಗ ಬೆರಳಗಲ ತಪ್ಪಿದರೂ ಉತ್ತರ ತಲೆಕೆಳಗಾಗುತ್ತದೆ.

ಪ್ರಶ್ನೆ: ಸಣ್ಣ ಕ್ಲಿನಿಕ್ಕೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನೋಡಿದ ಕೂಡಲೇ ಹುಳುಕಡ್ಡಿ ಎನ್ನಬಹುದಾದ ರೋಗಿಗಳಲ್ಲೂ ಕೆಓಎಚ್ ಪರೀಕ್ಷೆ (ಕೆರೆದ ಹೊಟ್ಟನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಶಿಲೀಂಧ್ರ ಹುಡುಕುವುದು) ನೆಗೆಟಿವ್ ಬರುತ್ತಿದೆ. ದ್ರಾವಣ ಹಳತಾಗಿರಬಹುದೇ?

ಉತ್ತರ: ಆಗಿರಬಹುದು. ಆದರೆ ಬಾಟಲಿಯ ಮೇಲೆ ಅನುಮಾನಪಡುವ ಮೊದಲು ಬ್ಲೇಡು ಇಟ್ಟದ್ದು ಎಲ್ಲಿ ಎಂದು ನೆನಪಿಸಿಕೊಳ್ಳಿ. ಹುಳುಕಡ್ಡಿಯ ಉಂಗುರ ಹೊರಮುಖವಾಗಿ ಹರಡುತ್ತದೆ, ನಡುಭಾಗ ಹಿಂದಿನಿಂದ ವಾಸಿಯಾಗುತ್ತ ಬರುತ್ತದೆ. ಶಿಲೀಂಧ್ರ ಹೇರಳವಾಗಿರುವುದು ಸ್ವಲ್ಪ ಉಬ್ಬಿ, ಕೆಂಪಾಗಿ, ಹೊಟ್ಟು ಏಳುತ್ತಿರುವ ಅಂಚಿನಲ್ಲಿ. ಸುಲಭವೆಂದು ನಡುವೆ ಕೆರೆದರೆ ಸಿಗುವುದು ಬರೀ ಸತ್ತ ಚರ್ಮ.

ಮೊದಲು 70% ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಅಂಚನ್ನು ಒರೆಸಿ, ಒಣಗಲು ಬಿಡಿ. ಮುಲಾಮಿನ ಜಿಡ್ಡು, ಪೌಡರು ಉಳಿದರೆ ಸ್ಲೈಡಿನ ಮೇಲೆ ಅವೇ ಗುಳ್ಳೆಗಳಾಗಿ, ಹನಿಗಳಾಗಿ ಕಾಡುತ್ತವೆ. ಬಳಿಕ 15ನೇ ನಂಬರಿನ ಬ್ಲೇಡನ್ನು ಚರ್ಮಕ್ಕೆ ನೇರವಾಗಿ ನಿಲ್ಲಿಸಿ, ಅಂಚಿಗೆ ಅಡ್ಡಲಾಗಿ, ಒಳಗಿನಿಂದ ಹೊರಕ್ಕೆ ಸಣ್ಣ ಸಣ್ಣ ಎಳೆತಗಳಲ್ಲಿ ಕೆರೆಯಿರಿ. ರಕ್ತ ಬರಬೇಕಾಗಿಲ್ಲ. ಬಂದರೆ ಒತ್ತಡ ಹೆಚ್ಚಾಯಿತು ಎಂದರ್ಥ. ಉದುರುವ ಹೊಟ್ಟನ್ನು ಕೆಳಗೆ ಹಿಡಿದ ಸ್ಲೈಡಿನ ಮೇಲೋ ಮಡಿಸಿದ ಕಪ್ಪು ಕಾಗದದಲ್ಲೋ ಹಿಡಿದುಕೊಳ್ಳಿ. ಕಪ್ಪು ಕಾಗದವಾದರೆ ಎಷ್ಟು ಸಿಕ್ಕಿದೆ ಎಂಬುದು ಬರಿಗಣ್ಣಿಗೇ ತಿಳಿಯುತ್ತದೆ. ನಾಲ್ಕಾರು ಚೂರಿನ ಮೇಲೆ ‘ನೆಗೆಟಿವ್’ ಎಂದು ಬರೆಯುವ ಅಭ್ಯಾಸ ಬಿಡಿ, ‘ಮಾದರಿ ಸಾಲದು’ ಎಂದು ಬರೆಯಿರಿ.

ಹೊಟ್ಟಿನ ಮೇಲೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದೆರಡು ಹನಿ ಹಾಕಿ ಕವರ್‌ಸ್ಲಿಪ್ ಮುಚ್ಚಿ. ಅಂಗೈ, ಅಂಗಾಲಿನ ದಪ್ಪ ಚರ್ಮಕ್ಕೆ 20% ಬಳಸಬಹುದು. ಚರ್ಮದ ಗಟ್ಟಿ ಪ್ರೋಟೀನಾದ ಕೆರಾಟಿನ್ ಕರಗಲು 10ರಿಂದ 15 ನಿಮಿಷ ಬೇಕು. ಆತುರವಿದ್ದರೆ ಸ್ಪಿರಿಟ್ ದೀಪದ ಮೇಲೆ ಎರಡು ಮೂರು ಸಲ ಸುಮ್ಮನೆ ಹಾಯಿಸಿ. ಮುಂಗೈಗೆ ತಾಗಿಸಿದಾಗ ಬೆಚ್ಚಗಿದ್ದರೆ ಸಾಕು. ಗುಳ್ಳೆ ಎದ್ದಿತೋ, ಕುದಿಯಿತು ಎಂದೇ ಲೆಕ್ಕ. ಆಮೇಲೆ ಸ್ಲೈಡಿನ ತುಂಬ ಹರಳು, ಹೊಸದಾಗಿ ಮಾಡುವುದೇ ವಾಸಿ. ಕೊನೆಗೆ ಟಿಶ್ಯೂ ಕಾಗದ ಇಟ್ಟು ಕವರ್‌ಸ್ಲಿಪ್ಪನ್ನು ಮೆಲ್ಲಗೆ ಒತ್ತಿ, ಜೀವಕೋಶಗಳು ಒಂದೇ ಪದರವಾಗಿ ಹರಡುತ್ತವೆ, ಹೊರಬಂದ ದ್ರಾವಣ ಕಾಗದಕ್ಕೆ ಹೀರಿಕೊಳ್ಳುತ್ತದೆ.

ಇಷ್ಟೆಲ್ಲ ಸರಿ ಮಾಡಿ ಕಡೆಗೆ ಎಡವುವುದು ಬೆಳಕಿನಲ್ಲಿ. ಈ ಪರೀಕ್ಷೆಯಲ್ಲಿ ಬಣ್ಣವಿಲ್ಲ, ಶಿಲೀಂಧ್ರದ ಎಳೆ ಪಾರದರ್ಶಕ. ಬೆಳಕು ಪೂರ್ತಿ ತೆರೆದಿದ್ದರೆ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರ್ ಕೆಳಗಿಳಿಸಿ, ಬೆಳಕಿನ ಕಿಂಡಿಯಾದ ಡಯಾಫ್ರಂ ಕಿರಿದುಮಾಡಿ, 10ರ ಲೆನ್ಸಿನಲ್ಲಿ ಹುಡುಕಿ 40ರಲ್ಲಿ ಖಚಿತಪಡಿಸಿಕೊಳ್ಳಿ. ದ್ರಾವಣ ಲೆನ್ಸಿಗೆ ತಾಗಿದರೆ ಆಗಲೇ ಒರೆಸಿ, ಅದು ಗಾಜನ್ನೂ ಬಿಡುವುದಿಲ್ಲ.

ನಿಮ್ಮ ಬಾಟಲಿಯ ವಿಷಯ: ಈ ದ್ರಾವಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಾರ್ಬೊನೇಟ್ ಆಗುತ್ತ ಸಪ್ಪೆಯಾಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿಡಿ. ಗಾಜಿನ ಬಿರಡೆಯಾದರೆ ಕಚ್ಚಿಕೊಂಡು ಕೂರುತ್ತದೆ.

ಇನ್ನೊಂದು ಕಾರಣ ರೋಗಿಯ ಕೈಯಲ್ಲೇ ಇರುತ್ತದೆ. ವಾರಗಟ್ಟಲೆ ಶಿಲೀಂಧ್ರನಾಶಕ ಮುಲಾಮು ಹಚ್ಚಿ, ಪರೀಕ್ಷೆಯ ದಿನ ಬೆಳಿಗ್ಗೆಯೂ ಹಚ್ಚಿಕೊಂಡು ಬಂದಿದ್ದರೆ ಸ್ಲೈಡು ಖಾಲಿಯೇ. ಎರಡು ವಾರ ನಿಲ್ಲಿಸಿ ಬರಲು ಹೇಳುವುದು ವಾಡಿಕೆ. ಸ್ಟೀರಾಯ್ಡ್ ಬೆರೆತ ಮುಲಾಮಿನ ಕಥೆ ಉಲ್ಟಾ. ಕೆಂಪು, ಹೊಟ್ಟು, ಉಂಗುರದ ಆಕಾರ ಎಲ್ಲ ಮಾಸಿ ರೋಗ ಗುರುತೇ ಸಿಗದಂತಾಗುತ್ತದೆ, ಆದರೆ ದೇಹದ ಪ್ರತಿರೋಧ ತಗ್ಗಿರುವುದರಿಂದ ಶಿಲೀಂಧ್ರ ಯಥೇಚ್ಛ. ನೋಡಲು ಹುಳುಕಡ್ಡಿಯಂತಿಲ್ಲದ, ಮುಲಾಮು ಬಿಟ್ಟೊಡನೆ ಕೆರಳುವ ತೇಪೆಯನ್ನು ತಪ್ಪದೆ ಕೆರೆದು ನೋಡಿ.

ಪ್ರಶ್ನೆ: ಸ್ಲೈಡಿನ ತುಂಬ ಬಲೆಯಂಥ ಗೆರೆಗಳು ಕಾಣುತ್ತವೆ. ಯಾವುದು ಶಿಲೀಂಧ್ರ, ಯಾವುದು ಅಲ್ಲ?

ಉತ್ತರ: ಹೊಸಬರನ್ನು ಅತಿ ಹೆಚ್ಚು ಮೋಸಗೊಳಿಸುವುದು ಈ ಬಲೆಯೇ. ಅವು ಜೀವಕೋಶಗಳ ಗಡಿಗಳು. ಗಡಿಯ ಗೆರೆ ಪ್ರತಿ ಕೋಶದ ಸುತ್ತ ತಿರುಗುತ್ತದೆ, ಒಮ್ಮೆ ದಪ್ಪ ಒಮ್ಮೆ ತೆಳು. ಶಿಲೀಂಧ್ರದ ಎಳೆಗೆ ಗಡಿಯ ಹಂಗಿಲ್ಲ, ಕೋಶಗಳನ್ನು ಕತ್ತರಿಸಿಕೊಂಡು ನೆಟ್ಟಗೆ ದಾಟಿ ಹೋಗುತ್ತದೆ. ಉದ್ದಕ್ಕೂ ಒಂದೇ ದಪ್ಪ, ನಡುನಡುವೆ ಅಡ್ಡಗೋಡೆ, ಅಲ್ಲಲ್ಲಿ ಕವಲು. ಫೋಕಸ್ ತಿರುಪನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರೆ ತುಸು ಹಸಿರು ಛಾಯೆಯಲ್ಲಿ ಮಿನುಗುತ್ತದೆ. ಹತ್ತಿಯ ನೂಲು ಎಳೆಗಿಂತ ಬಹಳ ದಪ್ಪ, ತಿರುಚಿಕೊಂಡಿರುತ್ತದೆ, ಅಡ್ಡಗೋಡೆ ಇರುವುದಿಲ್ಲ. ಗಾಳಿಗುಳ್ಳೆಗೆ ಕಪ್ಪನೆಯ ದಪ್ಪ ಅಂಚು. ಅನುಮಾನ ಉಳಿದರೆ ಸ್ಲೈಡನ್ನು ಇನ್ನರ್ಧ ಗಂಟೆ ಬಿಟ್ಟು ನೋಡಿ. ಕೋಶಗಳು ಕರಗುತ್ತ ಹೋದಂತೆ ಬಲೆ ಚೆದುರುತ್ತದೆ, ನಿಜವಾದ ಎಳೆ ನಿಲ್ಲುತ್ತದೆ.

ಬೆನ್ನು, ಎದೆಯ ಚಿಬ್ಬಿನಲ್ಲಿ ಚಿತ್ರ ಬೇರೆ: ಗಿಡ್ಡ, ಬಾಗಿದ ಎಳೆಯ ತುಂಡುಗಳು, ಜೊತೆಗೆ ದ್ರಾಕ್ಷಿ ಗೊಂಚಲಿನಂತೆ ದುಂಡು ಬೀಜಕಗಳು. ಇದಕ್ಕೆ ಬ್ಲೇಡೂ ಬೇಡ. ಪಾರದರ್ಶಕ ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ಕಿತ್ತು, ಸ್ಲೈಡಿನ ಮೇಲೆ ಒಂದು ಹನಿ ಮೆಥಿಲೀನ್ ಬ್ಲೂ ಹಾಕಿ ಅದರ ಮೇಲೆ ಅಂಟಿಸಿದರೆ ಆಯಿತು. ತೊಡೆಸಂದಿಯ, ಸ್ತನದಡಿಯ ಒದ್ದೆ ಕೆಂಪಿನಲ್ಲಿ ಮೊಗ್ಗೊಡೆಯುತ್ತಿರುವ ಯೀಸ್ಟ್ ಕೋಶಗಳು ಕಂಡರೆ ಅದು ಕ್ಯಾಂಡಿಡಾ.

ಪ್ರಶ್ನೆ: ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ ದಪ್ಪಗಾಗಿದೆ. ಎರಡು ಸಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಪರೀಕ್ಷೆ ಬಿಟ್ಟು ಮಾತ್ರೆ ಶುರುಮಾಡಬಹುದೇ?

ಉತ್ತರ: ಬೇಡ. ದಪ್ಪಗಾದ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣ. ಉಳಿದವು ಸೋರಿಯಾಸಿಸ್, ಬಿಗಿ ಚಪ್ಪಲಿ ಬೂಟಿನ ಒತ್ತಡ, ಹಳೆಯ ಪೆಟ್ಟು. ಕಾಲುಗುರಿಗೆ ಟರ್ಬಿನಾಫಿನ್ ಮಾತ್ರೆ ಸಾಮಾನ್ಯವಾಗಿ 12 ವಾರ ನುಂಗಬೇಕು, ಯಕೃತ್ತಿನ ಮೇಲೆ ಕಣ್ಣಿಟ್ಟಿರಬೇಕು. ಇಲ್ಲದ ರೋಗಕ್ಕೆ ಅಷ್ಟು ದಿನ ಔಷಧಿ ಯಾಕೆ?

ಎರಡು ಸಲ ಸಿಗದಿರಲು ಮಾದರಿಯೇ ಕಾರಣ ಇರಬಹುದು. ಉಗುರಿನ ತುದಿಯನ್ನಷ್ಟೇ ಕತ್ತರಿಸಿ ಕಳಿಸಿದರೆ ಅಲ್ಲಿರುವುದು ಹೆಚ್ಚಾಗಿ ಸತ್ತ ಶಿಲೀಂಧ್ರ ಮತ್ತು ಕೊಳೆ. ಸೋಂಕು ತುದಿಯಿಂದ ಬುಡದ ಕಡೆಗೆ ಸರಿಯುತ್ತದೆ. ಹಾಗಾಗಿ ಬಿಟ್ಟುಕೊಂಡ ಉಗುರನ್ನು ಆದಷ್ಟು ಹಿಂದಕ್ಕೆ ಕತ್ತರಿಸಿ, ಮೊದಲು ಬರುವ ಪುಡಿಯನ್ನು ಎಸೆದು, ಉಗುರು ಮತ್ತು ಕೆಳಗಿನ ಚರ್ಮ ಇನ್ನೂ ಅಂಟಿಕೊಂಡಿರುವ ಗಡಿಯಿಂದ ಪುಟ್ಟ ಚಮಚದಂಥ ಉಪಕರಣವಾದ ಕ್ಯುರೆಟ್‌ನಲ್ಲಿ ಕೆರೆದು ತೆಗೆಯಬೇಕು. ಉಗುರಿಗೆ 10% ದ್ರಾವಣ, ಹತ್ತು ನಿಮಿಷ ಸಾಲದು. 20ರಿಂದ 40% ಹಾಕಿ ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ, ಒದ್ದೆ ಕಾಗದ ಹಾಸಿ ಮುಚ್ಚಿದ ತಟ್ಟೆಯಲ್ಲಿ ಇಡಬೇಕು. ಮೂರನೆಯ ಸಲವೂ ಸಿಗದಿದ್ದರೆ ಕತ್ತರಿಸಿದ ಉಗುರಿನ ಚೂರನ್ನು ಪೆಥಾಲಜಿಗೆ ಕಳಿಸಿ ಶಿಲೀಂಧ್ರವನ್ನು ಎದ್ದು ಕಾಣಿಸುವ ಪಿಎಎಸ್ ಬಣ್ಣ ಹಾಕಿಸಿ, ಬರೀ ಕೆಓಎಚ್‌ಗಿಂತ ಅದು ಹೆಚ್ಚು ಹಿಡಿಯುತ್ತದೆ. ಯಾವ ಜಾತಿಯ ಶಿಲೀಂಧ್ರ ಎಂದು ತಿಳಿಯಬೇಕಾದರೆ ಕಲ್ಚರ್ (ಶಿಲೀಂಧ್ರವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಬೇಕು. ಅದಕ್ಕೆ ನಾಲ್ಕು ವಾರದವರೆಗೆ ಕಾಯುವ ತಾಳ್ಮೆಯೂ ಬೇಕು.

ಪ್ರಶ್ನೆ: ಆನ್‌ಲೈನಿನಲ್ಲಿ ನೇರಳೆ ಬೆಳಕಿನ ಟಾರ್ಚ್ ತರಿಸಿಕೊಂಡೆ. ಅದರಲ್ಲಿ ನನ್ನ ಚರ್ಮವೆಲ್ಲ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತಿದೆ. ಇದೆಲ್ಲ ಸೋಂಕೇ?

ಉತ್ತರ: ಗಾಬರಿ ಬೇಡ. ಹೊಳೆಯುತ್ತಿರುವುದು ಬಹುಶಃ ಬಟ್ಟೆಯ ನೂಲಿನ ಚೂರು, ಸಾಬೂನಿನ ಶೇಷ, ಮುಲಾಮು. ವೈದ್ಯರು ಬಳಸುವ ವುಡ್ಸ್ ದೀಪದ ಬೆಳಕು 365 ನ್ಯಾನೋಮೀಟರ್ ಆಸುಪಾಸಿನದು. 1903ರಲ್ಲಿ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ ರೂಪಿಸಿದ ನಿಕಲ್ ಆಕ್ಸೈಡಿನ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ. ಅಗ್ಗದ ಟಾರ್ಚುಗಳು ಹೆಚ್ಚಾಗಿ 395ರವು. ಅವುಗಳ ನೇರಳೆ ಬೆಳಕೇ ಕಣ್ಣು ತುಂಬಿ, ಚರ್ಮದ ಮಂದ ಹೊಳಪನ್ನು ನುಂಗಿಬಿಡುತ್ತದೆ.

ದೀಪ ಸರಿಯಾದದ್ದೇ ಇದ್ದರೂ ಕೋಣೆ ಗವ್ವೆನ್ನುವಷ್ಟು ಕತ್ತಲಿರಬೇಕು, ದೀಪ ಒಂದು ನಿಮಿಷ ಉರಿದು ಬಿಸಿಯಾಗಬೇಕು, ನೋಡುವವರ ಕಣ್ಣೂ ಕತ್ತಲಿಗೆ ಹೊಂದಿಕೊಳ್ಳಬೇಕು. ಚರ್ಮದಿಂದ 10ರಿಂದ 15 ಸೆಂಟಿಮೀಟರ್ ದೂರದಲ್ಲಿ ಹಿಡಿದು ನೋಡಬೇಕು. ವೈದ್ಯರ ಬಿಳಿ ಕೋಟಿನಿಂದ ಪುಟಿದ ನೀಲಿ ಬೆಳಕನ್ನು ರೋಗವೆಂದು ಬರೆದವರೂ ಇದ್ದಾರೆ.

ಈ ದೀಪ ನಿಜವಾಗಿ ಗೆಲ್ಲುವುದು ಕೆಲವೇ ಕಡೆ. ಕಂಕುಳು, ತೊಡೆಸಂದಿಯಲ್ಲಿ ಕಂದು ತೇಪೆಯಾಗಿ ಕೂತ ಎರಿತ್ರಾಸ್ಮಾ ಹವಳದ ಕೆಂಪಿನಲ್ಲಿ ಉರಿಯುತ್ತದೆ. ಅದು ಶಿಲೀಂಧ್ರವಲ್ಲ, ಕಾರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ. ಆ ಬಣ್ಣ ಕೊಡುವ ಪಾರ್ಫಿರಿನ್ ನೀರಿನಲ್ಲಿ ಕರಗುತ್ತದೆ. ಪರೀಕ್ಷೆಗೆ ಹೋಗುತ್ತೇವೆಂದು ಚೆನ್ನಾಗಿ ಸ್ನಾನ ಮಾಡಿ ಹೋದರೆ ಬಣ್ಣ ಚರಂಡಿ ಸೇರಿರುತ್ತದೆ! ಚಿಬ್ಬು ಹಳದಿ ಇಲ್ಲವೇ ತಾಮ್ರದ ಛಾಯೆ, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿದ ಗಾಯ ಹಸಿರು. ಮೈಮೇಲಿನ ಮಾಮೂಲಿ ಹುಳುಕಡ್ಡಿ ಹೊಳೆಯುವುದೇ ಇಲ್ಲ, ಆದ್ದರಿಂದ ‘ಹೊಳೆಯಲಿಲ್ಲ, ಹುಳುಕಡ್ಡಿ ಅಲ್ಲ’ ಎಂಬ ತೀರ್ಮಾನಕ್ಕೆ ಆಧಾರವಿಲ್ಲ. ತೊನ್ನು ಸುಣ್ಣದಂತೆ ಬೆಳ್ಳಗೆ ಹೊಳೆಯುತ್ತದೆ, ಅದು ಸೋಂಕಲ್ಲ.

ಪ್ರಶ್ನೆ: ಮಗುವಿನ ತಲೆಯಲ್ಲಿ ಕೂದಲುದುರಿದ ತೇಪೆ. ದೀಪದಲ್ಲಿ ಹೊಳೆಯಲಿಲ್ಲ. ಮುಂದೇನು?

ಉತ್ತರ: ಮೈಕ್ರೋಸ್ಪೋರಂ ಕ್ಯಾನಿಸ್ ಎಂಬ ಶಿಲೀಂಧ್ರ ಇದ್ದರೆ ಕೂದಲು ಹಸಿರಾಗಿ ಹೊಳೆಯುತ್ತದೆ. ಟ್ರೈಕೊಫೈಟಾನ್ ಟಾನ್ಸುರಾನ್ಸ್, ವಯೊಲೇಸಿಯಂ ಹೊಳೆಯುವುದಿಲ್ಲ. ಹಾಗಾಗಿ ಕೂದಲನ್ನೇ ನೋಡಬೇಕು. ಉದ್ದ, ಗಟ್ಟಿ ಕೂದಲು ಕೀಳಬೇಡಿ. ನೆತ್ತಿಯ ಮಟ್ಟದಲ್ಲೇ ಮುರಿದು ಕಪ್ಪು ಚುಕ್ಕಿಯಂತೆ ಕಾಣುವ ಮೋಟುಗಳನ್ನು ಬುಡಸಮೇತ ತೆಗೆದು, ಜೊತೆಗೆ ಒಂದಿಷ್ಟು ಹೊಟ್ಟು ಸೇರಿಸಿ ಕೆಓಎಚ್ ಹಾಕಿ. ಬೀಜಕಗಳು ಕೂದಲ ಒಳಗೆ ತುಂಬಿವೆಯೋ ಹೊರಗೆ ಕವಚದಂತೆ ಸುತ್ತಿವೆಯೋ ಎಂಬುದೇ ಜಾತಿಯ ಸುಳಿವು. ಇಲ್ಲಿ ಹೆಚ್ಚು ಬಿಸಿಮಾಡಿದರೆ ಕೂದಲು ಕರಗಿ ಆ ಸುಳಿವು ಹೋಗುತ್ತದೆ. ಮಗು ಕೀಳಲು ಬಿಡದಿದ್ದರೆ ಶುಚಿಮಾಡಿದ ಹೊಸ ಹಲ್ಲುಜ್ಜುವ ಬ್ರಷ್ಷನ್ನು ತೇಪೆಯ ಮೇಲೆ ಉಜ್ಜಿ, ಅದನ್ನೇ ಕಲ್ಚರ್ ತಟ್ಟೆಗೆ ಒತ್ತಿಸಬಹುದು. ನೋವಿಲ್ಲ, ಅಳುವೂ ಇಲ್ಲ.

ಪ್ರಶ್ನೆ: ಮನೆಮಂದಿಗೆಲ್ಲ ರಾತ್ರಿ ವಿಪರೀತ ತುರಿಕೆ. ಚರ್ಮ ಕೆರೆದು ನೋಡಿದಾಗ ಕಜ್ಜಿಯ ಹುಳ ಸಿಗಲಿಲ್ಲ. ಹಾಗಾದರೆ ಕಜ್ಜಿ ಅಲ್ಲವೇ?

ಉತ್ತರ: ಹಾಗೆ ಹೇಳಲಾಗದು. ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಮೇಲೆ ಇರುವುದು ಸುಮಾರು 10ರಿಂದ 15 ಹುಳ. ಮೈಮೇಲೆ ಕಾಣುವ ನೂರಾರು ಗುಳ್ಳೆಗಳು ಅಲರ್ಜಿಯವು, ಅಲ್ಲಿ ಹುಳ ಇರುವುದಿಲ್ಲ. ಕೆರೆದುಕೊಂಡು ಹುಣ್ಣಾದ ಗುಳ್ಳೆಯಿಂದ ಮಾದರಿ ತೆಗೆದರೆ ಸಿಗದಿರುವುದೇ ಸಹಜ.

ಹುಡುಕಬೇಕಾದ್ದು ಬಿಲವನ್ನು. ಬೆರಳ ಸಂದು, ಮಣಿಕಟ್ಟು, ಮೊಣಕೈ, ಗಂಡಸರ ಜನನಾಂಗ, ಶಿಶುಗಳಾದರೆ ಅಂಗೈ ಅಂಗಾಲು. ಕೆಲವೇ ಮಿಲಿಮೀಟರ್ ಉದ್ದದ, ಅಂಕುಡೊಂಕಾದ ಬೂದು ಗೆರೆ. ಕಾಣದಿದ್ದರೆ ಫೌಂಟನ್ ಪೆನ್ನಿನ ಶಾಯಿ ಸವರಿ, ಅರೆಗಳಿಗೆ ಬಿಟ್ಟು, ಆಲ್ಕೋಹಾಲ್ ಹತ್ತಿಯಿಂದ ಒರೆಸಿ. ಮೇಲಿನ ಶಾಯಿ ಹೋಗುತ್ತದೆ, ಬಿಲದೊಳಗೆ ಇಳಿದದ್ದು ಸಣ್ಣ ಗೆರೆಯಾಗಿ ಉಳಿಯುತ್ತದೆ. ಗೆರೆಯ ಒಂದು ತುದಿಯಲ್ಲಿ ಹೊಟ್ಟು, ಅದು ಹುಳ ಒಳಹೊಕ್ಕ ಬಾಗಿಲು. ಇನ್ನೊಂದು ತುದಿಯಲ್ಲಿ ಸೂಜಿಮೊನೆಯಷ್ಟು ಚುಕ್ಕಿ, ಹುಳ ಅಲ್ಲಿದೆ. ಬ್ಲೇಡಿಗೆ ಒಂದು ಹನಿ ಮಿನರಲ್ ಆಯಿಲ್ ಸವರಿ, ಆ ಚುಕ್ಕಿ ಸೇರಿದಂತೆ ಇಡೀ ಬಿಲವನ್ನು ಕೆರೆದು ಸ್ಲೈಡಿಗೆ ಹಾಕಿ 10ರ ಲೆನ್ಸಿನಲ್ಲಿ ನೋಡಿ. ಹೆಣ್ಣುಹುಳ 0.3ರಿಂದ 0.4 ಮಿಲಿಮೀಟರ್. ಹುಳವೇ ಸಿಗಬೇಕೆಂದಿಲ್ಲ, ಮೊಟ್ಟೆಯೋ ಕಂದು ಬಣ್ಣದ ಹಿಕ್ಕೆಯೋ ಸಿಕ್ಕರೂ ಕಜ್ಜಿ ಖಚಿತ. ಇಲ್ಲಿ ಕೆಓಎಚ್‌ಗಿಂತ ಎಣ್ಣೆ ಮೇಲು: ಕೆಓಎಚ್ ಹಿಕ್ಕೆಯನ್ನು ಕರಗಿಸಿಬಿಡುತ್ತದೆ. ಎಣ್ಣೆಯಲ್ಲಿ ಹುಳ ಕಾಲಾಡಿಸುವುದು ಕಾಣುತ್ತದೆ, ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಏನೂ ಸಿಗದಿದ್ದರೂ, ಸರಿಯಾದ ಜಾಗಗಳಲ್ಲಿ ಗುಳ್ಳೆ, ತುರಿಕೆ, ಜೊತೆಗಿರುವವರಿಗೂ ತುರಿಕೆ ಇಷ್ಟು ಕೂಡಿಬಂದರೆ ಕಜ್ಜಿ ಎಂದೇ ಚಿಕಿತ್ಸೆ ಕೊಡಬಹುದು. 2020ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡಗಳೂ ಇದಕ್ಕೆ ಒಪ್ಪುತ್ತವೆ. ಮನೆಯವರೆಲ್ಲ ಒಂದೇ ದಿನ ಔಷಧಿ ಹಚ್ಚಬೇಕು, ತುರಿಕೆ ಇಲ್ಲದವರೂ. ಮೊದಲ ಸಲ ಹುಳ ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯುತ್ತದೆ.

ಪ್ರಶ್ನೆ: ತುಟಿಯಂಚಿನ ಗುಳ್ಳೆಗಳಿಗೆ ಜಾಂಕ್ ಪರೀಕ್ಷೆ (ಗುಳ್ಳೆಯ ಬುಡದ ಕೋಶಗಳಿಗೆ ಬಣ್ಣ ಹಾಕಿ ನೋಡುವುದು) ಮಾಡಿ ‘ಹರ್ಪಿಸ್ ಗುಂಪು’ ಎಂದಷ್ಟೇ ಬರೆದುಕೊಟ್ಟರು. ಯಾವ ಹರ್ಪಿಸ್ ಎಂದು ಯಾಕೆ ಬರೆಯಲಿಲ್ಲ?

ಉತ್ತರ: ಬರೆಯಲು ಬರುವುದಿಲ್ಲ, ಪ್ರಾಮಾಣಿಕವಾಗಿಯೇ ಬರೆದಿದ್ದಾರೆ. ತುಟಿಯ ಹರ್ಪಿಸ್, ಸೀತಾಳೆ ಸಿಡುಬು, ಸರ್ಪಸುತ್ತು ಮೂರರಲ್ಲೂ ಕಾಣುವುದು ಒಂದೇ: ಹಲವು ಕೋಶಕೇಂದ್ರಗಳು ಒತ್ತೊತ್ತಾಗಿ ಅಂಟಿಕೊಂಡ ದೈತ್ಯಕೋಶಗಳು. ವೈರಸ್ಸಿನ ಹೆಸರು ಬೇಕಾದರೆ ಗುಳ್ಳೆಯ ಬುಡದ ಸ್ವಾಬ್‌ನಿಂದ ಪಿಸಿಆರ್ ಮಾಡಿಸಬೇಕು.

ಜಾಂಕ್‌ಗೆ ಎರಡು ಮೂರು ದಿನದೊಳಗಿನ, ಒಡೆಯದ ನೀರುಗುಳ್ಳೆ ಆರಿಸಿ. ಹಕ್ಕಳೆ ಕಟ್ಟಿದ್ದರಿಂದ ಪ್ರಯೋಜನ ಕಡಿಮೆ. ಗುಳ್ಳೆಯ ಮೇಲ್ಛಾವಣಿ ಬಿಡಿಸಿ, ನೀರನ್ನು ಹತ್ತಿಗೆ ಹೀರಿಸಿ ಬಿಡಿ. ಬೇಕಾದ್ದು ನೀರಲ್ಲ, ಬುಡದ ಕೋಶಗಳು. ಬುಡವನ್ನು ರಕ್ತ ಬಾರದಂತೆ ಕೆರೆದು, ಸ್ಲೈಡಿಗೆ ತೆಳ್ಳಗೆ ಸವರಿ, ಮೆಥನಾಲ್‌ನಲ್ಲಿ ಸ್ಥಿರಗೊಳಿಸಿ, 1:10 ಪ್ರಮಾಣದ ಗೀಮ್ಸಾ ಬಣ್ಣದಲ್ಲಿ 15 ನಿಮಿಷ ಇಡಿ. ಇದೇ ಸ್ಲೈಡಿನಲ್ಲಿ ಒಂದೇ ಕೇಂದ್ರದ, ಬಿಡಿಬಿಡಿಯಾದ ದುಂಡು ಕೋಶಗಳಷ್ಟೇ ಕಂಡರೆ ದೇಹದ ಪ್ರತಿರೋಧವೇ ಚರ್ಮದ ಮೇಲೆ ತಿರುಗಿಬಿದ್ದು ಗುಳ್ಳೆ ಏಳಿಸುವ ಪೆಂಫಿಗಸ್ ಬಗ್ಗೆ ಯೋಚಿಸಬೇಕು. ಅದು ಸೋಂಕಲ್ಲ, ಚಿಕಿತ್ಸೆಯ ದಾರಿಯೇ ಬೇರೆ.

ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಗುಳ್ಳೆ ಎದ್ದರೆ ರಿಪೋರ್ಟಿಗೆ ಕಾದು ಕೂರಬೇಡಿ. ಸರ್ಪಸುತ್ತಿನ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿದರೆ ಫಲ ಹೆಚ್ಚು. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರನ್ನೂ ನೋಡಬೇಕು.

ಪ್ರಶ್ನೆ: ಕಾಲಿನ ಗಾಯದ ಸ್ವಾಬ್ ರಿಪೋರ್ಟಿನಲ್ಲಿ ಮೂರು ಬ್ಯಾಕ್ಟೀರಿಯಾಗಳ ಹೆಸರಿದೆ. ಮೂರಕ್ಕೂ ಔಷಧಿ ಬೇಕೇ?

ಉತ್ತರ: ಗಾಯದ ಮೇಲ್ಮೈಯಲ್ಲಿ ಬ್ಯಾಕ್ಟೀರಿಯಾ ಇಲ್ಲದಿದ್ದರೇ ಆಶ್ಚರ್ಯ. ಅವು ಅಲ್ಲಿ ವಾಸವಾಗಿವೆಯೋ, ರೋಗ ತರುತ್ತಿವೆಯೋ ಎಂಬುದು ಪ್ರಶ್ನೆ. ಸುತ್ತ ಕೆಂಪು, ಬಿಸಿ, ಊತ, ಹೆಚ್ಚುತ್ತಿರುವ ನೋವು, ಕೀವು ಯಾವುದೂ ಇಲ್ಲದಿದ್ದರೆ ಸ್ವಾಬನ್ನೇ ತೆಗೆಯಬೇಕಿರಲಿಲ್ಲ. ಬ್ಯಾಕ್ಟೀರಿಯಾದ ಬಗೆ ತಿಳಿಯಲು ಹಾಕುವ ‘ಗ್ರಾಂ’ ಬಣ್ಣದ ಸ್ಲೈಡಿನಲ್ಲಿ ಏನಿತ್ತು ಎಂದು ಲ್ಯಾಬಿಗೆ ಕೇಳಿ. ಕೀವಿನ ಕೋಶಗಳು ತುಂಬಿದ್ದು ಜೊತೆಗೆ ಒಂದೇ ಬಗೆಯ ಬ್ಯಾಕ್ಟೀರಿಯಾ ಕಂಡಿದ್ದರೆ ರಿಪೋರ್ಟಿಗೆ ತೂಕವಿದೆ. ಚರ್ಮದ ಚಪ್ಪಟೆ ಕೋಶಗಳೇ ತುಂಬಿದ್ದರೆ ಸ್ವಾಬ್ ಮೇಲ್ಮೈಯನ್ನಷ್ಟೇ ಸವರಿದೆ.

ಸರಿಯಾದ ಕ್ರಮವೆಂದರೆ, ಗಾಯವನ್ನು ಸಲೈನಿನಲ್ಲಿ ತೊಳೆದು ಹಳೆಯ ಕೀವು, ಹಕ್ಕಳೆ ತೆಗೆದ ಮೇಲೆ, ಸ್ವಚ್ಛ ಬುಡದ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸ್ವಾಬನ್ನು ದ್ರವ ಒಸರುವಷ್ಟು ಒತ್ತಿ ತಿರುಗಿಸುವುದು. ಆಂಟಿಬಯಾಟಿಕ್ ಶುರುಮಾಡುವ ಮೊದಲೇ ಇದು ಆಗಬೇಕು. ಕುರು ಆಗಿದ್ದರೆ ಸ್ವಾಬ್ ಬದಲು ಸಿರಿಂಜಿನಲ್ಲಿ ಕೀವನ್ನೇ ಎಳೆದು ಕಳಿಸಿ. ಚರ್ಮ ಒಡೆಯದೆ ಕಾಲು ಕೆಂಪಾಗಿ ಊದಿದ್ದರೆ ಮೇಲೆ ಸ್ವಾಬ್ ಆಡಿಸಿ ಪ್ರಯೋಜನವಿಲ್ಲ, ರೋಗ ಒಳಪದರದಲ್ಲಿದೆ.

ಪ್ರಶ್ನೆ: ತೋಳಿನ ಮೇಲೆ ಮಸುಕು ಬಿಳಿ ಮಚ್ಚೆ, ಮುಟ್ಟಿದರೆ ತಿಳಿಯುವುದಿಲ್ಲ. ಕುಷ್ಠದ ಸ್ಲಿಟ್ ಪರೀಕ್ಷೆ (ಚರ್ಮವನ್ನು ತುಸು ಸೀಳಿ, ಕೆರೆದು ತೆಗೆದದ್ದರಲ್ಲಿ ರೋಗಾಣು ಹುಡುಕುವುದು) ನೆಗೆಟಿವ್. ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಇಲ್ಲ. ಮಚ್ಚೆಯಲ್ಲಿ ಸ್ಪರ್ಶಜ್ಞಾನ ಖಚಿತವಾಗಿ ಹೋಗಿದ್ದರೆ ಅದೊಂದೇ ರೋಗನಿರ್ಣಯಕ್ಕೆ ಸಾಕು. ಮಚ್ಚೆಗಳು ಕಡಿಮೆ ಇರುವ ಬಗೆಯಲ್ಲಿ ಸ್ಲೈಡು ನೆಗೆಟಿವ್ ಬರುವುದೇ ರೂಢಿ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಎಳೆಯದೆ ಒಂದೇ ಕಡೆ ತಾಗಿಸಿ, ತಾಗಿದ ಜಾಗವನ್ನು ಬೆರಳಲ್ಲಿ ತೋರಿಸಲು ಹೇಳಿ. ಮೊದಲು ಒಳ್ಳೆಯ ಚರ್ಮದ ಮೇಲೆ ಮಾಡಿ ಅಭ್ಯಾಸ ಮಾಡಿಸಿ. ಮೊಣಕೈ ಹಿಂದಿನ ನರ ದಪ್ಪಗಾಗಿದೆಯೇ ಎಂದೂ ಮುಟ್ಟಿ ನೋಡಬೇಕು. ಇದನ್ನು ತಿಳಿದ ವೈದ್ಯರಿಂದ ಈ ವಾರವೇ ಮಾಡಿಸಿಕೊಳ್ಳಿ. ಗುಣವಾಗುವ ರೋಗವಿದು, ತಡವಾದರೆ ಹೋದ ನರ ಮಾತ್ರ ಮರಳುವುದಿಲ್ಲ.

ಪ್ರಶ್ನೆ: ಸ್ಲೈಡು ತೊಳೆದು ಮತ್ತೆ ಬಳಸಬಹುದೇ?

ಉತ್ತರ: ಬೇಡ. ಹಿಂದಿನ ರೋಗಿಯ ಎಳೆ, ಬೀಜಕ ಗೀರುಗಳಲ್ಲಿ ಉಳಿದು ಮುಂದಿನವರ ರಿಪೋರ್ಟನ್ನು ಪಾಸಿಟಿವ್ ಮಾಡುತ್ತವೆ. ಬ್ಲೇಡಂತೂ ಒಬ್ಬರಿಗೆ ಒಂದೇ, ಬಳಸಿದ ಕೂಡಲೇ ಚೂಪು ವಸ್ತುಗಳ ಡಬ್ಬಿಗೆ.